ನಮ್ಮ ನಾದಿನಿ ಬಡಿದ ಬಾಗಿಲುಗಳು

ಬೇರೆಯವರ ಮನೆಯಲ್ಲಿ ವರ್ಷಕ್ಕೊಮ್ಮೆ ನಡೆಯುವಂಥ ಗಲಾಟೆ ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ನಡೆಯುತ್ತದೆ. ಕಾರಣ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಅದು ಹಾಲ್‌ನ ಸೋಫಾದ ಮೇಲೆ ಕಾಲು ಮಡಚಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿರುತ್ತದೆ. ನನ್ನ ನಾದಿನಿ.

ನಾನು ಕಾರ್ಕಳದ ಕಡೆಯವಳು. ಹತ್ತನೇ ಕ್ಲಾಸಿನವರೆಗೆ ಓದಿದ್ದೇನೆ. ಅಲ್ಲಿಗೆ ಓದು ನಿಂತಿತು, ಮಾತು ನಿಲ್ಲಲಿಲ್ಲ. ಮದುವೆಯಾಗಿ ಠಾಣೆಯ ವರ್ತಕ ನಗರಕ್ಕೆ ಬಂದೆ. ವಾಗ್ಳೆ ಎಸ್ಟೇಟಿನ ಅಂಚಿನಲ್ಲಿ ಮಾವನದೊಂದು ಶಾಕಾಹಾರಿ ಹೋಟೆಲು ಉಂಟು. ಗಲ್ಲಾದಲ್ಲಿ ಮಾವ, ಸಾಮಾನು ತರುವುದಕ್ಕೆ ನನ್ನ ಗಂಡ, ಮನೆಯಲ್ಲಿ ಅತ್ತೆ, ನಾನು, ಬಾಲವಾಡಿಗೆ ಹೋಗುವ ಮಗಳು. ಮನೆಯೊಳಗೆ ತುಳು, ಹೋಟೆಲಿನಲ್ಲಿ ಕನ್ನಡ, ಗೇಟಿನಾಚೆ ಮರಾಠಿ, ಸಿಟ್ಟು ಬಂದರೆ ಎಲ್ಲರೂ ಹಿಂದಿ. ನಾದಿನಿ ಇಲ್ಲೇ ಹುಟ್ಟಿದವಳು. ಯಾವ ಭಾಷೆಯಲ್ಲಿ ಬೈದರೂ ಅರ್ಥವಾಗುತ್ತದೆ, ಉತ್ತರ ಮಾತ್ರ ಅವಳಿಗೆ ಬೇಕಾದ ಭಾಷೆಯಲ್ಲಿ ಕೊಡುತ್ತಾಳೆ.

ಅವಳನ್ನು ನೋಡಿ ನಗುತ್ತೇನೆ, ನಿಜ. ಆದರೆ ಹೊಟ್ಟೆಯೊಳಗೆ ಇರುವುದು ಬರೀ ಮೆಚ್ಚುಗೆ. ಅದನ್ನು ಅವಳಿಗೆ ಹೇಳಿಲ್ಲ. ಹೇಳಿದರೆ ಮರುದಿನದಿಂದ ಪಾತ್ರೆ ತೊಳೆಯುವುದಿಲ್ಲ.

ಕಳ್ಳರ ಕೆಲಸ, ಪೊಲೀಸರ ಕೆಲಸ

ಬಿ.ಕಾಂ. ಮುಗಿಸಿದವಳು ಒಂದು ದಿನ ಘಣಸೋಲಿಯಲ್ಲಿ ಯಾವುದೋ ಕ್ಲಾಸಿಗೆ ಸೇರಿ ಬಂದಳು. ಎಂತ ಕ್ಲಾಸು ಎಂದು ಅತ್ತೆ ಕೇಳಿದರು.

"ಅಮ್ಮ, ಒಂದು ಕಂಪ್ಯೂಟರ್ ಅಂದರೆ ದೊಡ್ಡ ಚಾಳು ಅಂತ ತಿಳ್ಕೊ. ಸಾಲಾಗಿ ಬಾಗಿಲುಗಳು, ಪ್ರತಿ ಬಾಗಿಲಿಗೂ ನಂಬರು. ಒಂದರ ಹಿಂದೆ ಫೈಲು ಕೊಡುವವನು, ಒಂದರ ಹಿಂದೆ ಮೇಲ್ ಕಳಿಸುವವನು, ಒಂದರ ಹಿಂದೆ ಪ್ರಿಂಟ್ ಮಾಡುವವನು. ನಾನು ಹೋಗಿ ಒಂದೊಂದೇ ಬಾಗಿಲು ಬಡಿಯುವುದು. ಯಾರು ಓ ಅನ್ನುತ್ತಾರೆ, ಯಾವ ಚಿಲಕ ಸಡಿಲ ಉಂಟು ಅಂತ ನೋಡುವುದು."

"ನೋಡಿ?"

"ನೋಡಿ, ಮನೆಯವರಿಗೆ ಹೇಳುವುದು. ಸರಿಮಾಡಿಕೊಳ್ಳಿ ಅಂತ."

ಅತ್ತೆ ಅಕ್ಕಿ ಆರಿಸುವುದನ್ನು ನಿಲ್ಲಿಸಿದರು. "ಅಂದರೆ ಕಳ್ಳನ ಹಾಗೆ ಹೋಗುವುದು, ಪೊಲೀಸನ ಹಾಗೆ ಹೇಳಿ ಬರುವುದು."

"ಹಾಂ, ಕರೆಕ್ಟ್!"

"ಆ ಇಬ್ಬರಿಗೂ ಹೋದ ಕಡೆ ಏನಾದರೂ ಸಿಗುತ್ತದೆ. ನಿನಗೆ ಎಂತ ಸಿಗುತ್ತದೆ?"

ಅವಳಿಗೆ ಸಿಗಬೇಕಾಗಿದ್ದದ್ದು ಕೆಲಸ. ವಾಗ್ಳೆ ಎಸ್ಟೇಟಿನ ಒಂದು ಆಫೀಸಿನವರು ಅವಳ ಪರೀಕ್ಷೆ ನೋಡಿ ಮೆಚ್ಚಿ, ಒಂದು ಷರತ್ತು ಹಾಕಿದ್ದರು. ನಿಜವಾದ ಒಂದು ಜಾಗವನ್ನು ಮಾಲೀಕರ ಲಿಖಿತ ಒಪ್ಪಿಗೆ ತೆಗೆದುಕೊಂಡು ಪರೀಕ್ಷಿಸಬೇಕು. ಸಿಕ್ಕಿದ ತೂತುಗಳನ್ನು ಮುಚ್ಚಿಸಬೇಕು. ಮುಚ್ಚಿದೆ ಎಂದು ಮಾಲೀಕರ ಸಹಿ ತರಬೇಕು. ಆಮೇಲೆ ಕೆಲಸ.

ಮಾವನದು ಬೇರೆ ಷರತ್ತು. "ದೀಪಾವಳಿ ಪಾಡ್ಯಕ್ಕೆ ಡೊಂಬಿವಲಿಯ ಹೊಸ ಹೋಟೆಲಿನ ಪೂಜೆ. ಅಷ್ಟರೊಳಗೆ ಕೆಲಸ ಸಿಕ್ಕಿದರೆ ಹೋಗು, ನಾನು ಬೇಡ ಅನ್ನುವುದಿಲ್ಲ. ಸಿಗದಿದ್ದರೆ ಅಲ್ಲಿಯ ಗಲ್ಲಾದಲ್ಲಿ ಕೂತುಕೋ. ಗಲ್ಲಾಕ್ಕೆ ಹೊರಗಿನವರನ್ನು ಕೂರಿಸುವ ಪದ್ಧತಿ ನಮ್ಮಲ್ಲಿಲ್ಲ."

ನಾದಿನಿಯ ಮುಖ ಹಳಸಿದ ಚಟ್ನಿಯ ಹಾಗಾಯಿತು. ಅಂದಿನಿಂದ ನಮ್ಮ ಮನೆಯಲ್ಲಿ ಶುರುವಾದದ್ದು ಬಾಗಿಲು ಬಡಿಯುವ ಅಭಿಯಾನ.

ಕೇಳದಿದ್ದರೂ ಹೇಳುವವನು

ಮನೆಯಲ್ಲಿ ಒಂದು ಹಳೆ ಕಂಪ್ಯೂಟರನ್ನು ಬೇಕೆಂದೇ ಬಡಪಾಯಿ ಮಾಡಿ ಇಟ್ಟುಕೊಂಡಿದ್ದಳು, ಅಭ್ಯಾಸಕ್ಕೆ. ಒಂದು ಮಧ್ಯಾಹ್ನ ನನ್ನನ್ನು ಕರೆದು ತೋರಿಸಿದಳು. ಇವಳು ಒಂದು ಬಾಗಿಲು ಬಡಿದದ್ದೇ ತಡ, ಒಳಗಿನಿಂದ ಒಂದು ಉದ್ದದ ಸಾಲು ಬಂತು.

"ನೋಡಿ ಅತ್ತಿಗೆ, ನಾನು ಇನ್ನೂ ಏನೂ ಕೇಳಿಲ್ಲ. ಅವನೇ ತನ್ನ ಹೆಸರು, ತಾನು ಯಾವ ಕಾಲದವನು, ಎಷ್ಟು ಹಳಬ ಎಲ್ಲ ಹೇಳಿಬಿಟ್ಟ. ಹಳಬ ಅಂತ ಗೊತ್ತಾದರೆ ಅವನ ರೋಗ ಯಾವುದು ಅಂತ ಹುಡುಕುವುದು ಸುಲಭ."

ನಾನು ಹೇಳಿದೆ, "ಇಂಥವನೊಬ್ಬ ನಮ್ಮ ಗೇಟಿನಲ್ಲೇ ಇದ್ದಾನೆ. ವಾಚ್‌ಮನ್."

"ಅಷ್ಟೆಲ್ಲ ಹೇಳಲಿಕ್ಕಿಲ್ಲ."

"ಬಾ, ನೋಡುವ."

ನನ್ನ ತಂಗಿ ಊರಿನಿಂದ ಬಂದಿದ್ದಳು. ವಾಚ್‌ಮನ್ ಅವಳನ್ನು ನೋಡಿರಲಿಲ್ಲ. ಅವಳ ಕೈಗೆ ಒಂದು ಖಾಲಿ ಡಬ್ಬ ಕೊಟ್ಟು, ಕೊರಿಯರ್‌ನವಳ ಹಾಗೆ ಗೇಟಿಗೆ ಕಳಿಸಿದೆವು. ನಾವಿಬ್ಬರೂ ಗುಲ್‌ಮೊಹರ್ ಮರದ ಹಿಂದೆ. ತಂಗಿ ಕೇಳಿದ್ದು ಇಷ್ಟೇ: "ಮೂರನೇ ಮಾಳಿಗೆಯ ಹೋಟೆಲಿನವರು ಇದ್ದಾರಾ?"

ವಾಚ್‌ಮನ್ ಕುರ್ಚಿ ಎಳೆದು ಕೊಟ್ಟ. ಸೇಠ್ ಹೋಟೆಲಿನಲ್ಲಿ, ಮಗ ವಾಶಿ ಮಾರ್ಕೆಟ್ಟಿನಲ್ಲಿ, ಅಮ್ಮ ಸಂಜೆ ಭಜನೆಗೆ ಹೋಗುತ್ತಾರೆ, ಸೊಸೆ ಮಗುವನ್ನು ಕರೆತರಲು ವ್ಯಾನಿನ ಸ್ಟಾಪಿಗೆ ಹೋಗುತ್ತಾಳೆ, ಆಗ ಕೀಲಿಕೈ ಚಪ್ಪಲಿಯ ಸ್ಟ್ಯಾಂಡಿನಲ್ಲಿ ಎರಡನೇ ಖಾನೆಯಲ್ಲಿರುತ್ತದೆ. ಎಲ್ಲ ಹೇಳಿ ಮುಗಿಸಿ ಕೊನೆಗೆ, "ಸೊಸೆ ಸ್ವಲ್ಪ ಜೋರು, ಅವಳಿಲ್ಲದಾಗ ಹೋಗು" ಎಂದೂ ಸಲಹೆ ಕೊಟ್ಟ.

ಮರದ ಹಿಂದಿನಿಂದ ಆ ಜೋರು ಸೊಸೆ ಹೊರಗೆ ಬಂದಳು. ಮುಂದಿನದನ್ನು ಬರೆಯುವುದಿಲ್ಲ. ಇನ್ನು ಮೇಲೆ ಯಾರು ಏನು ಕೇಳಿದರೂ ಯಾವ ಮನೆಯ ಸುದ್ದಿಯನ್ನೂ ಬಾಯಿ ಬಿಡುವುದಿಲ್ಲ ಎಂದು ಅವನಿಂದ ಮಾತು ತೆಗೆದುಕೊಂಡೆ.

ಮರುದಿನ ಮಗಳ ಬಾಲವಾಡಿಯ ವ್ಯಾನು ಸ್ಟಾಪಿನಲ್ಲಿ ಕಾಣಲಿಲ್ಲ. ಓಡಿ ಬಂದು ಅವನನ್ನೇ ಕೇಳಿದೆ, "ಭಯ್ಯಾ, ನಮ್ಮ ಮಗು ಬಂತಾ?"

ಅವನು ನೆಟ್ಟಗೆ ನಿಂತು, ಆಕಾಶ ನೋಡಿ ಹೇಳಿದ, "ನಹೀ, ಹೇಳುವ ಹಾಗಿಲ್ಲ, ಮೇಡಂ."

ಅವನ ಕುರ್ಚಿಯ ಹಿಂದೆ ಮಗಳು ಬಿಸ್ಕತ್ತು ತಿನ್ನುತ್ತ ಕೂತಿದ್ದಳು.

ಸೆಕ್ರೆಟರಿ ಕೊಟ್ಟ ಒಪ್ಪಿಗೆ

ಲಿಖಿತ ಒಪ್ಪಿಗೆ ಎಂದರೆ ನಾದಿನಿಗೆ ದೇವರ ಪ್ರಸಾದದ ಹಾಗೆ. ಒಪ್ಪಿಗೆ ಇಲ್ಲದೆ ಪಕ್ಕದ ಮನೆಯ ವೈಫೈ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಒಮ್ಮೆ ನಾನು ಸುಮ್ಮನೆ ಕೇಳಿದೆ, "ನಿನ್ನ ಅಣ್ಣನ ಫೋನ್ ತೆಗೆದು ನೋಡುವುದಕ್ಕೆ ಆಗುತ್ತದಾ?"

"ಅಣ್ಣ ಬರೆದು ಕೊಟ್ಟರೆ ಆಗುತ್ತದೆ."

"ಅವರು ಬರೆದು ಕೊಡುವ ಹಾಗಿದ್ದರೆ ನಾನು ನೋಡುವುದು ಯಾಕೆ?"

ಅವಳು ಮೊದಲು ಹೋದದ್ದು ನಮ್ಮ ಕಟ್ಟಡದ ಸೊಸೈಟಿಯ ಸೆಕ್ರೆಟರಿಯ ಹತ್ತಿರ. ನಾನು ಜೊತೆಗೆ ಹೋದೆ. ಕೆಳಗಿನ ಆಫೀಸಿನಲ್ಲಿ ಕಂಪ್ಯೂಟರ್, ಪ್ರಿಂಟರ್, ಕ್ಯಾಮರಾ ಎಲ್ಲ ಇತ್ತು. ಸೆಕ್ರೆಟರಿ ನಿವೃತ್ತ ಅಧಿಕಾರಿ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಕೇಳಿದರು, "ಮಗಾ, ನೀನು ನೋಡಿದಾಗ ಏನಾದರೂ ತಪ್ಪು ಸಿಕ್ಕಿದರೆ?"

"ವರದಿಯಲ್ಲಿ ಬರೆಯುತ್ತೇನೆ ಕಾಕಾ."

"ವರದಿಯನ್ನು ಕಮಿಟಿಯವರು ಓದುತ್ತಾರೆ."

"ಹೌದು."

"ಓದಿದರೆ ಇಷ್ಟು ದಿನ ಸೆಕ್ರೆಟರಿ ಏನು ಮಾಡುತ್ತಿದ್ದ ಅಂತ ಕೇಳುತ್ತಾರೆ."

ನಾನು, "ನಾವೂ ಅದನ್ನೇ ಕೇಳುತ್ತಿದ್ದೇವೆ ಕಾಕಾ" ಎನ್ನಲು ಬಾಯಿ ತೆರೆದೆ. ನಾದಿನಿ ನನ್ನ ಕಾಲು ಮೆಟ್ಟಿದಳು.

ಸೆಕ್ರೆಟರಿ ಯೋಚಿಸಿ, ದೊಡ್ಡ ಮನಸ್ಸು ಮಾಡಿ ಹೇಳಿದರು, "ಕಲಿಯುವ ಹುಡುಗಿ, ನಿನ್ನನ್ನು ಬರಿಗೈಲಿ ಕಳಿಸುವುದಿಲ್ಲ. ಏನೂ ತಪ್ಪು ಸಿಗಲಿಲ್ಲ ಅಂತ ವರದಿಯನ್ನು ಮೊದಲು ಬರೆದು ತಾ. ಓದಿ ಸರಿ ಅನ್ನಿಸಿದರೆ ಪರೀಕ್ಷೆಗೆ ಒಪ್ಪಿಗೆ ಕೊಡುತ್ತೇನೆ."

ಹೆಂಗಸರ ಡಬ್ಬಿ

ಘಣಸೋಲಿಯ ಕ್ಲಾಸಿನಲ್ಲಿ ಒಂದು ದಿನ ಮನೆಯವರನ್ನೂ ಕರೆದುಕೊಂಡು ಬನ್ನಿ ಎಂದಿದ್ದರು. ಮಾವನಿಗೆ ಪುರುಸೊತ್ತಿಲ್ಲ, ಅತ್ತೆಗೆ ಮಂಡಿನೋವು. ನಾನು ಹೋದೆ. ಠಾಣೆಯಲ್ಲಿ ಲೋಕಲ್ ರೈಲಿನ ಹೆಂಗಸರ ಡಬ್ಬಿ ಹತ್ತಿದೆವು. ದಾರಿಯುದ್ದಕ್ಕೂ ಅವಳು ಪಾಠ ಹೇಳುತ್ತಿದ್ದಳು. ಹಳೆ ಕಾಲದ ಒಂದು ಬಾಗಿಲು ಉಂಟಂತೆ, ಅಲ್ಲಿ ನಡೆಯುವ ಮಾತೆಲ್ಲ ಬಹಿರಂಗ. ಪಾಸ್‌ವರ್ಡ್ ಕೂಡ ದಾರಿಯಲ್ಲಿ ನಿಂತವರಿಗೆಲ್ಲ ಕೇಳಿಸುತ್ತದೆ. ಹೊಸ ಬಾಗಿಲಿನಲ್ಲಿ ಎಲ್ಲ ಪಿಸುಮಾತು.

"ಈಗಲೂ ಆ ಹಳೆಯದನ್ನು ಇಟ್ಟುಕೊಳ್ಳುವ ಮೂರ್ಖರು ಇದ್ದಾರಾ?" ಎಂದು ಕೇಳುವಷ್ಟರಲ್ಲಿ ಎದುರು ಸೀಟಿನ ಹೆಂಗಸಿಗೆ ಫೋನ್ ಬಂತು. ಆಫೀಸಿನವಳು, ಕೊರಳಲ್ಲಿ ಐಡಿ ಕಾರ್ಡು. ಆಚೆಯವನಿಗೆ ಅವಳ ಕಂಪ್ಯೂಟರ್ ತೆರೆಯಬೇಕಾಗಿತ್ತು. ರೈಲಿನ ಸದ್ದಿಗೆ ಅವನಿಗೆ ಕೇಳಿಸದು. ಇವಳು ಒಂದೊಂದೇ ಅಕ್ಷರವನ್ನು ಊರಿನ ಹೆಸರಿನ ಜೊತೆ ಜೋಡಿಸಿ, ಗಂಟಲು ಹರಿಯುವ ಹಾಗೆ ಪಾಸ್‌ವರ್ಡ್ ಹೇಳಿದಳು. ಒಮ್ಮೆ ಅಲ್ಲ, ಅವನಿಗೆ ಅರ್ಥವಾಗುವವರೆಗೆ.

ನಾದಿನಿಯ ಮುಖ ನೋಡಬೇಕಿತ್ತು. ಯಾರೋ ಅವಳ ಕಣ್ಣೆದುರು ಹಾಲು ಚೆಲ್ಲುತ್ತಿರುವ ಹಾಗೆ. ತಡೆಯಲಾಗದೆ ಎದ್ದು ಹೋಗಿ, ಮೆಲ್ಲಗೆ ಹೇಳಿದಳು, "ದೀದಿ, ಇಡೀ ಡಬ್ಬಿಗೆ ಕೇಳಿಸಿತು. ದಯವಿಟ್ಟು ಬದಲಾಯಿಸಿ."

ಆ ಹೆಂಗಸು ಒಳ್ಳೆಯವಳು. ಗಾಬರಿಯಾಗಿ, ಥ್ಯಾಂಕ್ಯೂ ಎಂದು, ಕೂತಲ್ಲೇ ಫೋನಿನಲ್ಲಿ ಪಾಸ್‌ವರ್ಡ್ ಬದಲಾಯಿಸಿದಳು. ನಾದಿನಿ ಹೆಮ್ಮೆಯಿಂದ ನನ್ನ ಕಡೆ ನೋಡಿದಳು. ನಾನೂ ಹೆಮ್ಮೆಪಟ್ಟೆ. ಅಷ್ಟರಲ್ಲಿ ಆ ಹೆಂಗಸು ಆಫೀಸಿಗೆ ಮತ್ತೆ ಫೋನ್ ಹಚ್ಚಿದಳು. "ಹಾಂ, ಬದಲಾಯಿಸಿದ್ದೇನೆ, ಹೊಸದು ಬರೆದುಕೋ" ಎಂದು ಮೊದಲಿಗಿಂತ ಜೋರಾಗಿ ಶುರು ಮಾಡಿದಳು.

ಕಿಟಕಿಯ ಹತ್ತಿರ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ಅಜ್ಜಿ ತಲೆಯೆತ್ತಿ ಹೇಳಿದಳು, "ಮೊದಲಿನದೇ ಇರಲಿ ಮಗಾ. ನಮಗೆಲ್ಲ ಬಾಯಿಪಾಠ ಆಗಿತ್ತು."

ಕಲ್ಯಾಣದ ಭಾವ

ಪಾಡ್ಯ ಹತ್ತಿರ ಬರುತ್ತಿತ್ತು. ಡೊಂಬಿವಲಿಯ ಹೋಟೆಲಿಗೆ ಬಣ್ಣ ಹೊಡೆದಾಗಿತ್ತು. ಮಾವ ಗಲ್ಲಾದ ಕುರ್ಚಿಗೆ ಮಗಳ ಎತ್ತರ ಅಳೆಯುವ ಮಾತಾಡುತ್ತಿದ್ದರು. ನಾನೇ ಅವಳನ್ನು ನಮ್ಮ ಭಾವನ ಹತ್ತಿರ ಕರೆದುಕೊಂಡು ಹೋದೆ. ನನ್ನ ಅಕ್ಕನ ಗಂಡ. ಕಲ್ಯಾಣ ಸ್ಟೇಷನ್ನಿನ ಹತ್ತಿರ ಝೆರಾಕ್ಸ್ ಅಂಗಡಿ.

ಭಾವ ಕೇಳುವ ಮೊದಲೇ ಒಪ್ಪಿಗೆಗೆ ಸಹಿ ಹಾಕಿ, ಲಸ್ಸಿಯನ್ನೂ ತರಿಸಿದರು. ನಾದಿನಿ ಲ್ಯಾಪ್‌ಟಾಪ್ ತೆರೆದು ಬಡಿಯಲು ಕೂತಳು. ಬಡಿಯುವ ಕೆಲಸವೇ ಇರಲಿಲ್ಲ. ಗಿರಾಕಿಗಳು ಫೈಲು ಹಾಕುವುದಕ್ಕೆ ಭಾವ ಕಂಪ್ಯೂಟರಿನಲ್ಲಿ ಇಟ್ಟಿದ್ದ ಜಾಗದಲ್ಲಿ ಹೆಸರು ಕೇಳಿದರೆ ಏನು ಬೇಕಾದರೂ ಹೇಳಬಹುದು, ಪಾಸ್‌ವರ್ಡ್ ಕೇಳಿದರೂ ಏನು ಬೇಕಾದರೂ ಹೇಳಬಹುದು. ಮದುವೆ ಮನೆಯ ಊಟದ ಪಂಕ್ತಿಯ ಹಾಗೆ. ಗಂಡಿನ ಕಡೆಯವರೋ ಹೆಣ್ಣಿನ ಕಡೆಯವರೋ ಎಂದು ಕೇಳುವವರಿಲ್ಲ. ಒಳಗೆ ಊರವರ ಕಾಗದಪತ್ರಗಳೆಲ್ಲ ಬಿದ್ದುಕೊಂಡಿದ್ದವು.

ಅಕ್ಕ ಹಿಂದಿನಿಂದ ಇಣುಕಿ ನೋಡಿದಳು. "ಅಯ್ಯೋ, ಇದು ಮದುವೆ ಗಂಡಿನ ಬಯೋಡಾಟಾ ಅಲ್ಲವಾ? ತೆಗೆ, ತೆಗೆ. ಫೋಟೋ ನೋಡುವ."

ನಾನೂ ಬಗ್ಗಿದೆ. ಸುಳ್ಳು ಯಾಕೆ ಹೇಳಲಿ, ನಾದಿನಿಗೆ ಸರಿಹೋಗುವ ಎತ್ತರದವನ ಹಾಗೆ ಕಂಡ.

ನಾದಿನಿ ಪಟ್ಟೆಂದು ಪರದೆ ಮುಚ್ಚಿದಳು. "ಬಾಗಿಲು ತೆರೆದಿದೆಯಾ ಅಂತ ನೋಡುವುದಕ್ಕೆ ಮಾತ್ರ ಒಪ್ಪಿಗೆ ಇರುವುದು ಅಕ್ಕ. ಒಳಗೆ ಯಾರ ಪೆಟ್ಟಿಗೆಯಲ್ಲಿ ಎಂತ ಉಂಟು ಅಂತ ನೋಡುವುದಕ್ಕೆ ಅಲ್ಲ."

ಅಕ್ಕ ಮುಖ ಊದಿಸಿಕೊಂಡಳು. ನನಗೆ ಮಾತ್ರ ಆ ಕ್ಷಣ ಈ ಹುಡುಗಿಯ ಬೆನ್ನು ತಟ್ಟಬೇಕು ಅನ್ನಿಸಿತು. ಬದಲಿಗೆ ಅವಳ ಉಳಿದ ಲಸ್ಸಿ ಕುಡಿದೆ.

ಭಾವ ಕೈಮುಗಿದು ಎಲ್ಲ ಕೇಳಿಸಿಕೊಂಡರು. ಹಳೆ ಕಾಗದಗಳನ್ನೆಲ್ಲ ಅಳಿಸಿದರು. ಗಟ್ಟಿ ಪಾಸ್‌ವರ್ಡ್ ಹಾಕಿಸಿಕೊಂಡರು. ವಾರ ಬಿಟ್ಟು ನೋಡಿ, ಸರಿಯಿದ್ದರೆ ಸಹಿ ತೆಗೆದುಕೊಳ್ಳುವುದು ಎಂದಾಯಿತು. ಒಂದು ವಾರ ನಾದಿನಿ ಮನೆಯಲ್ಲಿ ಹಾಡು ಗುನುಗಿದಳು.

ವಾರ ಬಿಟ್ಟು ಹೋದೆವು. ಅಂಗಡಿಯ ಎದುರಿಗೆ ಹೊಸ ಬೋರ್ಡು ತೂಗುತ್ತಿತ್ತು, ಕಲ್ಯಾಣ ಸ್ಟೇಷನ್ನಿನ ಸೇತುವೆಯ ಮೇಲಿನಿಂದಲೂ ಓದಬಹುದಾದಷ್ಟು ದೊಡ್ಡ ಅಕ್ಷರ. ಅದರಲ್ಲಿ ಪಾಸ್‌ವರ್ಡ್.

ಭಾವ ನಗುತ್ತ ಬಂದರು. "ಎಲ್ಲರೂ ಬಂದು ಬಂದು ಕೇಳುತ್ತಾರೆ ಮಾರಾಯ್ತಿ. ಒಬ್ಬೊಬ್ಬರಿಗೆ ಹೇಳುವುದು ಸೇಫ್ ಅಲ್ಲ ಅಂತ ಒಂದೇ ಸಲ ಬರೆಸಿಬಿಟ್ಟೆ."

ಅಡುಗೆಮನೆಯ ಕೂಗು

ಉಳಿದದ್ದು ಒಂದೇ ಜಾಗ, ನಮ್ಮದೇ ಹೋಟೆಲು. ಅಲ್ಲಿಗೆ ಒಪ್ಪಿಗೆ ಕೊಡುವುದಕ್ಕೆ ಮಾವನಿಗೆ ಮನಸ್ಸಿರಲಿಲ್ಲ. ಮಗಳೇ ಅಪ್ಪನ ಹೋಟೆಲನ್ನು ಒಡೆಯುವುದಾ ಎಂದು ಅವರ ವಾದ. ಒಂದು ರಾತ್ರಿ ಊಟಕ್ಕೆ ಬಡಿಸುತ್ತ ನಾನೇ ಹೇಳಿದೆ, "ಬಿಡು ಮಾರಾಯ್ತಿ. ಮಾವನಿಗೆ ಹೆದರಿಕೆ ಉಂಟು. ಹೆದರಿದವರನ್ನು ಯಾಕೆ ಪೀಡಿಸುತ್ತಿ?"

"ಯಾರಿಗೆ ಹೆದರಿಕೆ?" ಎಂದು ಮಾವ ಸಾರಿನ ಕೈಯಲ್ಲೇ ಪೆನ್ನು ಕೇಳಿದರು.

ನಮ್ಮ ಹೋಟೆಲಿನ ಕ್ರಮ ಹೇಳಬೇಕು. ಮೊದಲು ಸಪ್ಲಾಯರುಗಳು ಆರ್ಡರನ್ನು ಅಡುಗೆಮನೆಗೆ ಬಾಯಲ್ಲೇ ಕೂಗುತ್ತಿದ್ದರು. ಒಬ್ಬ ತನ್ನ ಗೆಳೆಯರಿಗೆಲ್ಲ ದೋಸೆ ಕೂಗಿ ಕೂಗಿ ಪುಕ್ಕಟೆ ತಿನ್ನಿಸಿದ್ದು ಗೊತ್ತಾದ ಮೇಲೆ ಮಾವ ಮೆಷಿನ್ ತಂದರು. ಈಗ ಆರ್ಡರು ಗಲ್ಲಾದ ಕಂಪ್ಯೂಟರಿಗೆ ಬರುತ್ತದೆ, ಅಲ್ಲಿಂದ ಅಡುಗೆಮನೆಯ ಸಣ್ಣ ಪ್ರಿಂಟರಿನಲ್ಲಿ ಚೀಟಿ ಬೀಳುತ್ತದೆ, ಅಡುಗೆಯ ಭಟ್ರು ಚೀಟಿ ನೋಡಿ ಮಾಡುತ್ತಾರೆ. ಅವತ್ತೇ ಮಾವ ಎಲ್ಲರನ್ನೂ ನಿಲ್ಲಿಸಿ ಅಪ್ಪಣೆ ಮಾಡಿದ್ದರು: "ಚೀಟಿ ಇಲ್ಲದೆ ಒಂದು ಸೌಟು ಸಾಂಬಾರು ಹೊರಗೆ ಹೋಗಬಾರದು. ನಾನೇ ಬಂದು ಬಾಯಲ್ಲಿ ಕೇಳಿದರೂ ಕೊಡಬೇಡಿ." ಭಟ್ರು ಆ ಮಾತನ್ನು ಗಾಯತ್ರಿಯ ಜೊತೆಗೆ ಸೇರಿಸಿಕೊಂಡು ಜಪ ಮಾಡಿದವರ ಹಾಗೆ ಪಾಲಿಸಿಕೊಂಡು ಬಂದಿದ್ದರು. ಮಾವ ಚಹಾ ಬೇಕೆಂದರೂ ತಮಗೇ ಒಂದು ಚೀಟಿ ಒತ್ತಬೇಕು.

ಮಧ್ಯಾಹ್ನದ ಊಟದ ಗದ್ದಲ ಇಳಿದ ಮೇಲೆ ನಾದಿನಿ ಮೂಲೆಯ ಟೇಬಲ್ಲಿನಲ್ಲಿ ಕೂತಳು. ಮೆನು ಕಾರ್ಡಿನ ಹಿಂದೆ ಬರೆದಿದ್ದ ಗಿರಾಕಿಗಳ ವೈಫೈ ಪಾಸ್‌ವರ್ಡ್ ಹಾಕಿಕೊಂಡಳು. ಯಾವ ಯಾವ ಬಾಗಿಲುಗಳು ಇವೆ ಎಂದು ಹುಡುಕಿ, ಪ್ರತಿಯೊಂದನ್ನೂ ಬಡಿದು ಮಾತಾಡಿಸಲು ಶುರು ಮಾಡಿದಳು. ನಾನು ಪಕ್ಕದಲ್ಲಿ ಮಗಳಿಗೆ ಇಡ್ಲಿ ತಿನ್ನಿಸುತ್ತಿದ್ದೆ.

ಅಡುಗೆಮನೆಯಲ್ಲಿ ಪ್ರಿಂಟರು ಕಿರ್ರೆಂದಿತು. ನಿಲ್ಲಲಿಲ್ಲ. ಮೊಳಗಟ್ಟಲೆ ಚೀಟಿ, ಅದರ ತುಂಬ ಅರ್ಥವಿಲ್ಲದ ಗೀಟು, ಚುಕ್ಕೆ, ಅಕ್ಷರಗಳು. ಯಾವ ಬಾಗಿಲು ಯಾವ ಭಾಷೆಗೆ ಓಗೊಡುತ್ತದೆ ಎಂದು ತಿಳಿಯಲು ಅವಳ ಉಪಕರಣ ಒಂದೊಂದೇ ಮಾತು ಆಡಿ ನೋಡುತ್ತದಂತೆ. ಬೇರೆ ಬಾಗಿಲುಗಳು ಉತ್ತರ ಕೊಡುತ್ತವೆ. ಪ್ರಿಂಟರಿಗೆ ಗೊತ್ತಿರುವುದು ಒಂದೇ ಕೆಲಸ, ಕೇಳಿದ್ದನ್ನೆಲ್ಲ ಅಚ್ಚು ಹಾಕುವುದು. ಪ್ರಿಂಟರನ್ನು ಬಿಟ್ಟು ಬಡಿ ಎಂದು ಮೊದಲೇ ಹೇಳಬೇಕಿತ್ತು, ಗಡಿಬಿಡಿಯಲ್ಲಿ ಇವಳು ಮರೆತಿದ್ದಳು.

ಅಂಥ ಮಾತುಗಳಲ್ಲಿ ಒಂದು ಆ ಚೀಟಿಯ ನಡುವೆ, ಬೇರೆ ಏನೂ ಇಲ್ಲದೆ, ಇಂಗ್ಲಿಷಿನಲ್ಲಿ ಒಂದೇ ಪದವಾಗಿ ಬಿದ್ದಿತ್ತು: ಹೆಲ್ಪ್.

ಭಟ್ರು ಅದನ್ನು ಹಿರಿಯ ಸಪ್ಲಾಯರನಿಗೆ ತೋರಿಸಿದರು. "ಇದು ಯಾವ ಐಟಂ ಮಾರಾಯ?"

ಅವನು ಓದಿದ, ಬೆವರಿದ. "ಭಟ್ರೇ, ಯಾರೋ ಕಷ್ಟದಲ್ಲಿದ್ದಾರೆ!"

"ಯಾವ ಟೇಬಲ್?"

"ನಂಬರೇ ಬಂದಿಲ್ಲ!"

ನಂಬರಿಲ್ಲದ ಮೇಲೆ ಎಲ್ಲ ಟೇಬಲ್ಲಿಗೂ ಓಡಬೇಕಲ್ಲ. ಒಬ್ಬ ನೀರಿನ ಜಗ್ಗು ಹಿಡಿದು ಓಡಿದ. ಇನ್ನೊಬ್ಬ ವಡೆ ತಿನ್ನುತ್ತಿದ್ದವರ ಬೆನ್ನಿಗೆ ಗುದ್ದಿದ, ಗಂಟಲಿಗೆ ಸಿಕ್ಕಿರಬಹುದು ಎಂದು. ಹಿರಿಯ ಸಪ್ಲಾಯರು ನಡುವೆ ನಿಂತು ಕೈಮುಗಿದು ಕೂಗಿದ, "ಯಾರು ಸಾರ್, ಸಹಾಯ ಕೇಳಿದ್ದು ಯಾರು?"

ಕಿಟಕಿಯ ಪಕ್ಕದ ಹಿರಿಯರೊಬ್ಬರು ನಿಧಾನವಾಗಿ ಕೈ ಎತ್ತಿದರು. "ನಾನು. ಯಾವಾಗಿಂದ ಕೇಳುತ್ತಿದ್ದೇನೆ, ಬಿಲ್ಲು ಕೊಡಿ."

ಧಣಿಯ ಚಹಾ

ಮಾವ ಕೆಂಪಗಾದರು. "ಇದಾ ನಿನ್ನ ವಿದ್ಯೆ? ಸಾಕು. ಪಾಡ್ಯಕ್ಕೆ ಡೊಂಬಿವಲಿಗೆ ನಡಿ."

ಬೇರೆ ಹುಡುಗಿಯಾಗಿದ್ದರೆ ಅತ್ತುಬಿಡುತ್ತಿದ್ದಳು. ಇವಳು ತಪ್ಪು ತನ್ನದೇ ಎಂದು ಭಟ್ರ ಹತ್ತಿರ, ಸಪ್ಲಾಯರುಗಳ ಹತ್ತಿರ, ಗುದ್ದು ತಿಂದ ಗಿರಾಕಿಯ ಹತ್ತಿರ ಹೋಗಿ ಕ್ಷಮೆ ಕೇಳಿದಳು. ಆಮೇಲೆ ಅಪ್ಪನ ಎದುರು ನಿಂತಳು.

"ಪಪ್ಪಾ, ಬೈಯಿರಿ. ಆದರೆ ಒಂದು ಯೋಚನೆ ಮಾಡಿ. ನಾನು ನಿಮ್ಮ ಗಲ್ಲಾ ಮುಟ್ಟಿಲ್ಲ. ಗಿರಾಕಿಯ ಹಾಗೆ ಮೂಲೆಯಲ್ಲಿ ಕೂತಿದ್ದೆ. ಆದರೂ ನಿಮ್ಮ ಅಡುಗೆಮನೆಯಲ್ಲಿ ಚೀಟಿ ಬಿತ್ತು. ನಾಳೆ ಬೇರೆ ಯಾರಾದರೂ ಅಲ್ಲಿ ಕೂತು ಮಸಾಲೆ ದೋಸೆ ಅಂತ ಕಳಿಸಿದರೆ? ದೋಸೆ ಬರುತ್ತದೆ, ಬಿಲ್ಲು ಬರುವುದಿಲ್ಲ."

ಮಾವ ನಕ್ಕರು. "ನನ್ನ ಭಟ್ರು ದಡ್ಡರಾ? ನಾನು ಗಲ್ಲಾದಲ್ಲಿ ಕೂತು ಒತ್ತಿದ ಚೀಟಿ ಯಾವುದು, ಕಳ್ಳ ಚೀಟಿ ಯಾವುದು ಅಂತ ಅವರಿಗೆ ವಾಸನೆಯಲ್ಲೇ ಗೊತ್ತಾಗುತ್ತದೆ. ನೋಡು, ಅದೇ ಮೂಲೆಯಲ್ಲಿ ಕೂತು ಏನು ಬೇಕಾದರೂ ಕಳಿಸು. ನನ್ನ ಅಡುಗೆಮನೆ ನಿನ್ನ ಮಾತು ಕೇಳಿದರೆ, ನಿನ್ನ ಎಲ್ಲ ಕಾಗದಕ್ಕೂ ನಾನು ಸಹಿ ಹಾಕುತ್ತೇನೆ. ಕೇಳದಿದ್ದರೆ ಗಲ್ಲಾ."

ಎಂದು ಹೇಳಿ ಕೌಂಟರಿನಲ್ಲಿ ಗಂಭೀರವಾಗಿ ಕೂತರು.

ನಾದಿನಿ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು. "ಅತ್ತಿಗೆ, ಏನು ಕಳಿಸಲಿ? ಒಂದು ದೋಸೆ?"

ಇಲ್ಲಿ ನನ್ನ ಹತ್ತನೇ ಕ್ಲಾಸು ಕೆಲಸಕ್ಕೆ ಬಂತು. ಮಾವನಿಗೆ ಸಕ್ಕರೆ ಕಾಯಿಲೆ. ಡಾಕ್ಟರು ಸಿಹಿ ಬಿಡಿ ಎಂದು ಹೇಳಿ ಹೇಳಿ ಸೋತಿದ್ದರು. ಅತ್ತೆ ಅತ್ತು ಕರೆದು ಸೋತಿದ್ದರು. ದಿನಾ ಸಂಜೆ ಮಾವ ತಮಗೇ ಚೀಟಿ ಒತ್ತಿಕೊಂಡು ಖಡಕ್ ಸಿಹಿ ಚಹಾ, ಜೊತೆಗೆ ಬಾಳೆಹಣ್ಣಿನ ಬನ್ಸು ತಿನ್ನುತ್ತಿದ್ದದ್ದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ತಡೆಯುವ ಧೈರ್ಯ ಯಾರಿಗೂ ಇರಲಿಲ್ಲ.

"ದೋಸೆ ಬೇಡ," ಎಂದೆ. "ನಾನು ಹೇಳಿದ್ದು ಬರಿ. ಧಣಿಗೆ ಸಕ್ಕರೆ ಇಲ್ಲದ ಚಹಾ. ಬನ್ಸು ಬಂದ್. ದಿನಾ."

ಅವಳು ನನ್ನ ಮುಖ ನೋಡಿದಳು. ಭಟ್ರಿಗೆ ಓದಲು ಬರುವ ಹೋಟೆಲಿನ ಇಂಗ್ಲಿಷಿನಲ್ಲಿ ಅಷ್ಟನ್ನೇ ಟೈಪು ಮಾಡಿ ಒತ್ತಿದಳು. ಒಳಗೆ ಪ್ರಿಂಟರು ಒಂದು ಸಣ್ಣ ಕಿರ್ ಎಂದು ಸುಮ್ಮನಾಯಿತು.

ಏನೂ ಆಗಲಿಲ್ಲ. ಮಾವ ನಮ್ಮ ಕಡೆ ನೋಡಿ ಮೀಸೆಯಡಿ ನಗುತ್ತಿದ್ದರು. ನಾದಿನಿ ಕಣ್ಣು ಮುಚ್ಚಿಕೊಂಡಳು. ಸ್ವಲ್ಪ ಹೊತ್ತಿನಲ್ಲಿ ಮಾವನ ಚಹಾದ ಸಮಯವಾಯಿತು. ಅವರು ಗತ್ತಿನಿಂದ ತಮ್ಮ ಚೀಟಿ ಒತ್ತಿದರು.

ಸಪ್ಲಾಯರು ಚಹಾ ತಂದಿಟ್ಟ. ಬರೀ ಚಹಾ. ಮಾವ ಒಂದು ಗುಟುಕು ಕುಡಿದು, ಮುಖ ಹಿಂಡಿ, ಎದ್ದು ಅಡುಗೆಮನೆಯ ಬಾಗಿಲಿಗೆ ಹೋದರು. ನಾವು ಹಿಂದಿನಿಂದ.

"ಭಟ್ರೇ, ಸಕ್ಕರೆ ಎಲ್ಲಿ? ಬನ್ಸು ಎಲ್ಲಿ?"

"ಇನ್ನು ಇಲ್ಲ ಧಣಿ. ಚೀಟಿ ಬಂದಿದೆ."

"ಎಂಥ ಚೀಟಿ? ಯಾರು ಕಳಿಸಿದ್ದು?"

"ಯಾರು ಅಂತ ನಾನು ಯಾಕೆ ಕೇಳಲಿ? ಮೆಷಿನಿನಲ್ಲಿ ಬಂದಿದೆ." ಭಟ್ರು ಚೀಟಿಯನ್ನು ದೇವರ ಫೋಟೋದ ಪಕ್ಕದ ಮೊಳೆಗೆ ಸಿಕ್ಕಿಸಿದ್ದರು. ದಿನಾ ಎಂದು ಬರೆದಿತ್ತಲ್ಲ, ಕಳೆದುಹೋಗಬಾರದು ಎಂದು.

"ಅದು ಕಳ್ಳ ಚೀಟಿ! ನಾನು ಬಾಯಲ್ಲಿ ಹೇಳುತ್ತಿದ್ದೇನೆ, ಸಕ್ಕರೆ ಹಾಕಿ!"

ಭಟ್ರು ಸೌಟನ್ನು ಕೆಳಗಿಟ್ಟು, ಕೈಕಟ್ಟಿ ನಿಂತರು. "ಬೇಜಾರು ಮಾಡಬೇಡಿ ಧಣಿ. ನಾನೇ ಬಂದು ಬಾಯಲ್ಲಿ ಕೇಳಿದರೂ ಕೊಡಬೇಡಿ ಅಂತ ನೀವೇ ಹೇಳಿದ್ದು. ನಿಮ್ಮ ಮಾತು ನಾನು ಮೀರುವುದಾ?"

"ಧಣಿ ನಾನೋ, ಆ ಚೀಟಿಯೋ?"

ಭಟ್ರು ನಿಜವಾಗಿಯೂ ಯೋಚಿಸಿದರು. ಮಾವನನ್ನು ನೋಡಿದರು, ಮೊಳೆ ನೋಡಿದರು. "ಈ ಬಾಗಿಲಿನ ಒಳಗೆ ಚೀಟಿ ಧಣಿ," ಎಂದರು.

ಸಪ್ಲಾಯರುಗಳು ಗೋಡೆಯ ಕಡೆ ತಿರುಗಿ ನಿಂತರು. ಅವರ ಬೆನ್ನುಗಳು ಕುಲುಕುತ್ತಿದ್ದವು. ಮಾವ ಮೊಳೆಯ ಮೇಲಿನ ಚೀಟಿಯನ್ನು ಬಗ್ಗಿ ಓದಿದರು. ಆಮೇಲೆ ಮಗಳ ಕಡೆ ತಿರುಗಿದರು. "ಈ ಬಾಗಿಲು ಮುಚ್ಚುವುದು ನಿನಗೆ ಗೊತ್ತುಂಟಾ?"

"ಉಂಟು ಪಪ್ಪಾ."

ಮೂಲೆಯಲ್ಲಿ ಕೂತು ಎಲ್ಲರ ಬಾಗಿಲು ಬಡಿಯುತ್ತಿದ್ದ ಹುಡುಗಿ ಕುರ್ಚಿ ಹತ್ತಿ ತಂತಿ ಎಳೆದಳು. ಗಿರಾಕಿಗಳ ವೈಫೈಯನ್ನು ಒಂದು ಕಡೆ, ಗಲ್ಲಾ ಮತ್ತು ಅಡುಗೆಮನೆಯನ್ನು ಇನ್ನೊಂದು ಕಡೆ ಮಾಡಿ, ನಡುವೆ ಗೋಡೆ ಹಾಕಿದಳು. ಈಗ ಪ್ರಿಂಟರು ಗಲ್ಲಾದ ಕಂಪ್ಯೂಟರ್ ಹೇಳಿದ್ದನ್ನು ಮಾತ್ರ ಕೇಳುತ್ತದೆ. ಮಾವ ತಾವೇ ಮೂಲೆಯ ಟೇಬಲ್ಲಿನಲ್ಲಿ ಕೂತು, ಅವಳಿಂದ ಮತ್ತೆ ಮತ್ತೆ ಬಡಿಸಿ ನೋಡಿದರು. ಅಡುಗೆಮನೆ ಮಿಸುಕಲಿಲ್ಲ. ಸಹಿ ಹಾಕಿದರು. ವರದಿಯಲ್ಲಿ ಅವಳು ತನ್ನ ಪ್ರಿಂಟರಿನ ಎಡವಟ್ಟನ್ನೂ ಮುಚ್ಚಿಡದೆ ಬರೆದಿದ್ದಳು. ಆಫೀಸಿನವರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಅದೇ ಅಂತೆ. ಪಾಡ್ಯದ ಪೂಜೆಗೆ ಅವಳು ಬಂದದ್ದು ಆಫೀಸಿಗೆ ರಜೆ ಹಾಕಿ.

ಡೊಂಬಿವಲಿಯ ಗಲ್ಲಾಕ್ಕೆ ನನ್ನ ಗಂಡ ಹೋದರು, ಸಾಮಾನು ತರುವ ಕೆಲಸ ಮಾವನ ಪಾಲಿಗೆ ಬಂತು. ಹಳೆ ಹೋಟೆಲಿನ ಗಲ್ಲಾದಲ್ಲಿ ಯಾರು ಕೂರುವುದು ಎಂದು ಮಾವ ತಲೆ ಕೆರೆದುಕೊಂಡಾಗ ನಾದಿನಿ ನನ್ನ ಕಡೆ ಬೆರಳು ತೋರಿಸಿದಳು. "ಪದ್ಧತಿ ಪ್ರಕಾರ ಹೊರಗಿನವರಲ್ಲ ಪಪ್ಪಾ." ಹಾಗೆ ಗಲ್ಲಾ ನನ್ನದಾಯಿತು. ಕಂಪ್ಯೂಟರಿಗೆ ನನಗೆ ಮಾತ್ರ ಗೊತ್ತಿರುವ ಹೊಸ ಪಾಸ್‌ವರ್ಡ್ ಹಾಕಿಕೊಟ್ಟವಳೂ ಅವಳೇ. ಎಲ್ಲೂ ಬೋರ್ಡು ಬರೆಸಿಲ್ಲ.

ಮೊಳೆಯ ಮೇಲಿನ ಚೀಟಿ ಈಗಲೂ ಅಲ್ಲೇ ಇದೆ. ಅದನ್ನು ರದ್ದು ಮಾಡುವುದಕ್ಕೆ ರದ್ದು ಅಂತಲೇ ಬರೆದ ಇನ್ನೊಂದು ಚೀಟಿ ಬರಬೇಕು ಎಂದು ಭಟ್ರು ಹಟ ಹಿಡಿದಿದ್ದಾರೆ. ಆ ಚೀಟಿ ಒತ್ತಲು ಆಗುವುದು ನನಗೊಬ್ಬಳಿಗೆ. ದಿನಾ ಸಂಜೆ ಮಾವ ಗಲ್ಲಾದ ಹತ್ತಿರ ಬಂದು, ಗಂಟಲು ಸರಿಮಾಡಿಕೊಂಡು, ಇಲ್ಲದ ಪ್ರೀತಿಯಿಂದ ಕೇಳುತ್ತಾರೆ.

"ಮಗಾ, ಒಂದು ಬನ್ಸಿನ ಚೀಟಿ ಒತ್ತುತ್ತೀಯಾ?"

"ಒತ್ತುವ ಮಾವ, ಅದಕ್ಕೇನು," ಎನ್ನುತ್ತೇನೆ. "ಲಿಖಿತ ಒಪ್ಪಿಗೆ ತನ್ನಿ. ಅತ್ತೆಯ ಸಹಿ ಇರಲಿ."